ಹೈಬ್ರಿಡ್ ಟೊಮೆಟೊಗೆ ಟಿಎಂವಿ ವೆಕ್ಟರ್ ಚುಚ್ಚುವ ಮುಂಚೆ

ಒಡಿ (ದ್ರಾವಣದಲ್ಲಿ ಬ್ಯಾಕ್ಟೀರಿಯಾ ಎಷ್ಟು ದಟ್ಟ ಅನ್ನೋ ಅಳತೆ) ಏರಿಸಬೇಡಿ ಮಾರಾಯ್ರೆ! ಶಿವಮೊಗ್ಗದ ಅಂಗಡಿಯ ಹೈಬ್ರಿಡ್ ಬೀಜ, ಟಿಎಂವಿ ವೆಕ್ಟರಲ್ಲಿ (ಜೀನ್ ಸಾಗಿಸಲು ಮಾರ್ಪಡಿಸಿದ ತಂಬಾಕಿನ ಮೊಸಾಯಿಕ್ ವೈರಸ್) ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್), ಹಣ್ಣಲ್ಲಿ ಹೊಳಪಿಲ್ಲ, ಚುಚ್ಚಿದ ಕಡೆ ಕಪ್ಪು ಕಲೆ, ಮುಂದಿನ ಸಲ ಒಡಿ 2 ಅಂತ ಬರೆದಿದ್ದೀರಿ. ವೆಕ್ಟರನ್ನು ಗಿಡದ ಕೋಶಕ್ಕೆ ದಾಟಿಸುವ ಅಗ್ರೋಬ್ಯಾಕ್ಟೀರಿಯಂ ಬ್ಯಾಕ್ಟೀರಿಯಾ ಬೈದು ಪ್ರಯೋಜನವಿಲ್ಲ, ಮೊದಲು ಬೀಜದ ಪ್ಯಾಕೆಟ್ ನೋಡಿ.

ಈಗಿನ ಹೈಬ್ರಿಡ್‌ಗಳಲ್ಲಿ ಬಹಳಷ್ಟಕ್ಕೆ ಟಿಎಂ-2² ಅನ್ನೋ ರೋಗನಿರೋಧಕ ಜೀನ್ ಇರುತ್ತೆ. ಅದು ವೈರಸ್ಸನ್ನು ಕೋಶದಿಂದ ಕೋಶಕ್ಕೆ ದಾಟಿಸುವ ಮೂವ್‌ಮೆಂಟ್ ಪ್ರೋಟೀನನ್ನೇ ಗುರುತು ಹಿಡಿದು ಆ ಕೋಶವನ್ನು ಸಾಯಿಸುತ್ತೆ. ಒಡಿ ಏರಿಸಿದಷ್ಟೂ ಸಾಯುವ ಕೋಶ ಹೆಚ್ಚುತ್ತೆ, ಪ್ರೋಟೀನ್ ಹೆಚ್ಚಲ್ಲ. ಪ್ಯಾಕೆಟ್ ಮೇಲೆ ಟಿಒಎಂವಿ (ಟಿಎಂವಿಯ ಹತ್ತಿರದ ನೆಂಟ, ಟೊಮೆಟೊ ಮೊಸಾಯಿಕ್ ವೈರಸ್) ನಿರೋಧಕ ಅಂತಿದ್ದರೆ ಆ ಬೀಜ ಬಿಡಿ. ಮನಿಮೇಕರ್ ಅಥವಾ ಮೈಕ್ರೋಟಾಮ್ ತಳಿ ಹಾಕಿ. ಹೈಬ್ರಿಡ್ಡೇ ಬೇಕಂದ್ರೆ ಪಿವಿಎಕ್ಸ್ (ಆಲೂಗಡ್ಡೆಯ ಎಕ್ಸ್ ವೈರಸ್) ವೆಕ್ಟರ್. ಆದರೆ ಅದರಲ್ಲಿ ಉದ್ದದ ಜೀನ್ ಇಟ್ಟರೆ ವೈರಸ್ ಹರಡುತ್ತಾ ಹೋದ ಹಾಗೆ ಅದನ್ನೇ ಉದುರಿಸುತ್ತೆ.

ಅನುಮಾನವಿದ್ದರೆ ಅದೇ ಕಲ್ಚರನ್ನು ಬೆಂಥಾಮಿಯಾನ (ಲ್ಯಾಬಿನಲ್ಲಿ ಬಳಸುವ, ತಂಬಾಕಿನ ನೆಂಟ ಗಿಡ) ಎಲೆಗೂ, ನಿಮ್ಮ ಟೊಮೆಟೊ ಎಲೆಗೂ ಒಟ್ಟಿಗೆ ಹಾಕಿ. ಬೆಂಥಾಮಿಯಾನದಲ್ಲಿ ಹೊಳೆದು ಟೊಮೆಟೊ ಎಲೆ ಒಣಗಿದರೆ ತಳಿಯದ್ದೇ ತಕರಾರು. ಹಣ್ಣಿನ ಸಿಪ್ಪೆ ತಾನಾಗಿಯೂ ಸ್ವಲ್ಪ ಹೊಳೆಯುತ್ತೆ, ಹಾಗಾಗಿ ಖಾಲಿ ವೆಕ್ಟರ್ ಚುಚ್ಚಿದ ಹಣ್ಣು ಪಕ್ಕದಲ್ಲಿರಲೇಬೇಕು. ಅದಿಲ್ಲದ ಫೋಟೋ ದಯವಿಟ್ಟು ಹಾಕಬೇಡಿ.

ಪೂರ್ತಿ ಕೆಂಪಾದ ಹಣ್ಣಿಗೆ ಚುಚ್ಚಬೇಡಿ. ಬಲಿತ ಹಸಿರು ಕಾಯಿ, ಗಿಡದಲ್ಲೇ ಇರಲಿ. ಜಿವಿ3101 (ಅಗ್ರೋಬ್ಯಾಕ್ಟೀರಿಯಂನ ಒಂದು ತಳಿ) ತೊಳೆದು 10 ಮಿಲಿಮೋಲಾರ್ ಎಂಇಎಸ್ ಬಫರ್ (ಪಿಎಚ್ 5.6), 10 ಮಿಲಿಮೋಲಾರ್ ಮೆಗ್ನೀಷಿಯಂ ಕ್ಲೋರೈಡ್, 200 ಮೈಕ್ರೋಮೋಲಾರ್ ಅಸಿಟೋಸಿರಿಂಗೋನಲ್ಲಿ ಕದಡಿ 2-3 ಗಂಟೆ ಬಿಡಿ. ಅಸಿಟೋಸಿರಿಂಗೋನ್ (ಜೀನ್ ದಾಟಿಸಲು ಬ್ಯಾಕ್ಟೀರಿಯಾವನ್ನು ಎಬ್ಬಿಸುವ ರಾಸಾಯನಿಕ) ಆಯಾ ದಿನವೇ ಸೇರಿಸಿ. ಬ್ಯಾಕ್ಟೀರಿಯಾ ಬೆಳೆಸುವ ಎಲ್‌ಬಿ ಪುಡಿ ನಮ್ಮ ದೇಶದ ಹೈಮೀಡಿಯಾ ಕಂಪನಿಯದ್ದು ಧಾರಾಳ ಸಾಕು, ವಿದೇಶಿ ಡಬ್ಬಿಗೆ ದುಡ್ಡು ಸುರಿಯಬೇಡಿ. ವೈರಲ್ ವೆಕ್ಟರಿಗೆ ಒಡಿ 0.1ರಿಂದ ಶುರು ಮಾಡಿ.

1 ಎಂಎಲ್ ಸಿರಿಂಜ್, 0.5 × 16 ಮಿಮೀ ಸೂಜಿ. ಇನ್ಸುಲಿನ್ ಸೂಜಿ ತೀರಾ ಸಣ್ಣ, ತಿರುಳು ಸಿಕ್ಕಿಕೊಳ್ಳುತ್ತೆ. ಕಾಯಿಯ ಕೆಳತುದಿಯಲ್ಲಿ 3-4 ಮಿಮೀ ಒಳಗೆ ಹಾಕಿ ನಿಧಾನಕ್ಕೆ ಒತ್ತಿ. ತೊಟ್ಟಿನ ಪುಷ್ಪಪತ್ರದ ತುದಿಯಲ್ಲಿ ಹನಿ ಕಂಡರೆ ಕಾಯಿ ತುಂಬಿತು. ಹೆಚ್ಚೆಂದರೆ 600 ಮೈಕ್ರೋಲೀಟರ್. ಒತ್ತಡ ಹೆಚ್ಚಾದರೆ ಕಾಯಿ ಒಡೆಯುತ್ತೆ. ಬಿಸಿಲಿಗಿಡಬೇಡಿ: 28 ಡಿಗ್ರಿ ದಾಟಿದರೆ ಟಿ-ಡಿಎನ್‌ಎ (ಬ್ಯಾಕ್ಟೀರಿಯಾ ಗಿಡದ ಕೋಶಕ್ಕೆ ಕೊಡುವ ಡಿಎನ್‌ಎ ತುಂಡು) ದಾಟುವುದೇ ಕಷ್ಟ. ಮಳೆಗಾಲದ ತೀರ್ಥಹಳ್ಳಿ ಹವೆ ಇದಕ್ಕೆ ಹೇಳಿ ಮಾಡಿಸಿದ್ದು, ಏಪ್ರಿಲ್‌ನ ಶಿವಮೊಗ್ಗಕ್ಕೆ ಎಸಿ ಬೇಕು.

ಮುಂದೆ ಜಿಎಫ್‌ಪಿ ಜಾಗದಲ್ಲಿ ಔಷಧದ ಪ್ರೋಟೀನ್ ಹಾಕುವಾಗ ಅದರ ಕೊನೆಗೆ ಕೆಡಿಇಎಲ್ (ನಾಲ್ಕು ಅಮೈನೋ ಆಮ್ಲದ ಬಾಲ) ಸೇರಿಸಿ ಇಆರ್‌ನಲ್ಲೇ (ಕೋಶದೊಳಗೆ ಪ್ರೋಟೀನ್ ತಯಾರಾಗುವ ಜಾಲ) ಹಿಡಿದಿಡಿ, ಅದು ವ್ಯಾಕ್ಯೂಲಿನ (ಕೋಶದ ರಸದ ಚೀಲ) ಪ್ರೋಟಿಯೇಸ್‌ಗೆ, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವಕ್ಕೆ, ಸಿಗಬಾರದು. ಟೊಮೆಟೊ ರಸದ ಪಿಎಚ್ ನಾಲ್ಕರ ಆಸುಪಾಸು, ನೀರಲ್ಲಿ ಅರೆದರೆ ಪ್ರೋಟೀನ್ ಕೆಡುತ್ತೆ. ಹುಳಿ ತಡೆಯಲು ಗಟ್ಟಿ ಟ್ರಿಸ್ ಬಫರ್, ಫೀನಾಲ್‌ಗಳನ್ನು ಹಿಡಿಯುವ ಪಿವಿಪಿಪಿ ಪುಡಿ, ಪ್ರೋಟಿಯೇಸ್ ತಡೆಯುವ ಇನ್ಹಿಬಿಟರ್ ಬೇಕು. 2014ರ ಎಬೋಲಾ ಔಷಧಿ ಜೆಡ್‌ಮ್ಯಾಪ್ ಬಂದದ್ದೂ ಬೆಂಥಾಮಿಯಾನ ಎಲೆಯಿಂದ. ಎಲೆಯಲ್ಲೇ ಆಗುವಾಗ ಹಣ್ಣೇ ಯಾಕೆ ಬೇಕು ಅನ್ನೋದಕ್ಕೆ ಮೊದಲು ಕಾರಣ ಇಟ್ಟುಕೊಳ್ಳಿ.

ಸಿಎಂವಿ (ಸೌತೆಯ ಮೊಸಾಯಿಕ್ ವೈರಸ್) ವೆಕ್ಟರ್ ಕೇಳಿದವರಿಗೆ: ಬೇಡ. ಸಿಎಂವಿ ಸಸ್ಯಹೇನಿನಿಂದ ಹರಡುತ್ತೆ, ನಮ್ಮ ಕಾಳುಮೆಣಸಿನ ಸಣ್ಣೆಲೆ ರೋಗದಲ್ಲಿ ಅದರ ಕೈಯಿದೆ. ಮಲೆನಾಡಲ್ಲಿ ಲ್ಯಾಬಿನ ಕಿಟಕಿಯಾಚೆಯೇ ಬಳ್ಳಿ. ಟಿಎಂವಿಯೂ ಮುಟ್ಟಿದರೆ ಹರಡುವಂಥದ್ದು, ಮೆಣಸಿನಕಾಯಿ ಗಿಡದ ಕೆಲಸ ಮುಗಿಸಿಯೇ ಇದಕ್ಕೆ ಬನ್ನಿ, ಕತ್ತರಿಯನ್ನು 10% ಟ್ರೈಸೋಡಿಯಂ ಫಾಸ್ಫೇಟಿನಲ್ಲಿ ಅದ್ದಿ. ಸಂಸ್ಥೆಯ ಬಯೋಸೇಫ್ಟಿ ಸಮಿತಿ ಒಪ್ಪಿಗೆಯಿಲ್ಲದೆ, ಮನೆ ಹಿತ್ತಲಲ್ಲಂತೂ, ಇದನ್ನು ಮಾಡಲೇಬಾರದು. ಹಣ್ಣು, ಬೀಜ, ಮಣ್ಣು ಎಲ್ಲವೂ ಆಟೋಕ್ಲೇವಿಗೆ (ಒತ್ತಡದ ಹಬೆಯಲ್ಲಿ ಜೀವಾಣು ಕೊಲ್ಲುವ ಯಂತ್ರ). ಗೊಬ್ಬರದ ಗುಂಡಿಗೆ ಒಂದು ಎಲೆಯೂ ಹೋಗಬಾರದು.