ಸೊಸೆ ಇಳಿಸಿದ ಹೊರೆ ಅತ್ತೆಯ ತಲೆಗೇ ಯಾಕೆ?

ಪ್ರಶ್ನೆ: ನನಗೆ 59 ವರ್ಷ. ಶಿರಸಿ ಹತ್ತಿರದ ಹಳ್ಳಿ. ಅಡಿಕೆ ತೋಟ ಇದೆ, ಎರಡು ಹಸು ಇವೆ. ಮಗ ತೋಟ ನೋಡಿಕೊಳ್ಳುತ್ತಾನೆ. ಸೊಸೆಗೆ ಬೆಂಗಳೂರಿನ ಕಂಪನಿಯಲ್ಲಿ ಕೆಲಸ, ಮನೆಯಿಂದಲೇ ಮಾಡುತ್ತಾಳೆ. ಬೆಳಿಗ್ಗೆ ಮಹಡಿ ಕೋಣೆ ಸೇರಿದರೆ ಊಟಕ್ಕಷ್ಟೇ ಕೆಳಗಿಳಿಯುವುದು. ಒಳ್ಳೆಯ ಹುಡುಗಿ, ಒಂದು ದಿನವೂ ಎದುರು ಮಾತಾಡಿದವಳಲ್ಲ. ಆದರೆ ತಿಂಡಿ, ಊಟ, ಕೊಟ್ಟಿಗೆ, ಸುಗ್ಗಿಯಲ್ಲಿ ಅಡಿಕೆ ಸುಲಿಯುವುದು, ಈಗ ಮೊಮ್ಮಗನನ್ನು ನೋಡಿಕೊಳ್ಳುವುದು, ಎಲ್ಲ ನನ್ನ ಮೇಲೇ. ಸೊಸೆಯಾಗಿದ್ದಾಗ ಅತ್ತೆಗೆ ಮಾಡಿದೆ, ಅತ್ತೆಯಾದ ಮೇಲೆ ಸೊಸೆಗೆ ಮಾಡುತ್ತಿದ್ದೇನೆ. ‘ಸ್ತ್ರೀವಾದ ಬಂದು ಮನೆ ಹಾಳಾಯ್ತು’ ಅಂತ ನಮ್ಮನೆಯವರು ಹೇಳುತ್ತಿರುತ್ತಾರೆ. ಹೆಣ್ಣಿಗೆ ಸಮಾನತೆ ಅಂತಾರಲ್ಲ, ಅದು ಸೊಸೆಗೆ ಮಾತ್ರವಾ?
– ಹೆಸರು ಬೇಡ, ಶಿರಸಿ ತಾಲೂಕು

ಅಕ್ಕಾ, ನಿಮ್ಮ ಮನೆಯಲ್ಲಿ ದೊಡ್ಡವರು ನಾಲ್ವರಿದ್ದೀರಿ. ಆದರೆ ಮನೆಗೆಲಸದ ಮಾತು ಬಂದ ಕಡೆಯೆಲ್ಲ ಪತ್ರದಲ್ಲಿ ಇಬ್ಬರೇ ಇದ್ದಾರೆ, ನೀವು ಮತ್ತು ಸೊಸೆ. ಮಗ ತೋಟದಿಂದ ಬಂದ ಮೇಲೆ ಏನು ಮಾಡುತ್ತಾನೆ? ನೀವು ಕೊಟ್ಟಿಗೆಯಲ್ಲಿರುವಾಗ ಯಜಮಾನರು ಎಲ್ಲಿರುತ್ತಾರೆ? ನೀವು ಬರೆದಿಲ್ಲ. ಬರೆಯಬೇಕು ಅಂತ ನಿಮಗೆ ಹೊಳೆದೂ ಇಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ.

ಸೊಸೆ ಹೊರಗಿನ ದುಡಿಮೆ ಹಿಡಿದಳು. ಅವಳ ಕೈಬಿಟ್ಟ ಮನೆಗೆಲಸವನ್ನು ಯಾರಾದರೂ ಎತ್ತಿಕೊಳ್ಳಲೇಬೇಕಿತ್ತು. ಗಂಡಸರು ಎತ್ತಿಕೊಳ್ಳಲಿಲ್ಲ, ನೀವು ಎತ್ತಿಕೊಂಡಿರಿ. ಮನೆ ಕಷ್ಟಕ್ಕೆ ಬಿದ್ದಿದ್ದು ಅಲ್ಲಿ. ಅಡುಗೆಮನೆಯನ್ನು ಹೆಣ್ಣಿನ ತಲೆಗೇ ಯಾಕೆ ಕಟ್ಟಬೇಕು ಅಂತ ಸ್ತ್ರೀವಾದಿಗಳು ಕೇಳಿದ್ದು ನಿಮ್ಮ ಪರವಾಗಿಯೂ ಹೌದು. ಸೊಸೆ ಆಗಿದ್ದಾಗಿನ ನಿಮ್ಮ ಪರವಾಗಿಯೂ, ಈಗಿನ ನಿಮ್ಮ ಪರವಾಗಿಯೂ.

ಜನರ ದಿನ ಯಾವ ಕೆಲಸದಲ್ಲಿ ಕಳೆಯುತ್ತದೆ ಅಂತ ಕೇಂದ್ರ ಸರ್ಕಾರ 2019ರಲ್ಲಿ ದೇಶದ ತುಂಬ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರಿಗೆ ಅದರಲ್ಲೇ ದಿನಕ್ಕೆ ಸರಾಸರಿ 299 ನಿಮಿಷ ಹೋಗುತ್ತಿತ್ತು. ಗಂಡಸರಲ್ಲಿ ಅದಕ್ಕೆ ಕೈಹಾಕುವವರೇ ನಾಲ್ವರಲ್ಲಿ ಒಬ್ಬರು. ಅವರದೂ 97 ನಿಮಿಷ. ನಿಮ್ಮ ಕೊಟ್ಟಿಗೆ, ಅಡಿಕೆ, ಮೊಮ್ಮಗ ಎಲ್ಲ ಸೇರಿಸಿದರೆ ಲೆಕ್ಕ ಇನ್ನೂ ಜಾಸ್ತಿ ಆಗುತ್ತದೆ.

‘ಗಂಡಸರಿಗೆ ಅಡುಗೆ ಬರೋದಿಲ್ಲ’ ಅಂತ ದಯವಿಟ್ಟು ಹೇಳಬೇಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಂತೂ ಹೇಳಲೇಬಾರದು. ನಮ್ಮ ಕಡೆ ಮದುವೆ, ಉಪನಯನಕ್ಕೆ ಐನೂರು ಎಲೆಯ ಅಡುಗೆ ಮಾಡುವವರು ಯಾರು? ಅಡುಗೆ ಭಟ್ಟರು. ಹೋಳಿಗೆ ಬೇಯಿಸುವವರು, ಅಪ್ಪೆಹುಳಿಯ ಉಪ್ಪು ಖಾರ ನೋಡುವವರು, ಬಡಿಸುವವರು, ಎಲ್ಲರೂ ಗಂಡಸರು. ಇನ್ನು ಹಳೆಯ ಕಾಲದ ಮಾತು. ನಮ್ಮ ಆಯಿ, ಅಂದರೆ ಅಮ್ಮ, ಮೂರು ದಿನ ಹೊರಗೆ ಕೂತಾಗ, ಮನೆಯಲ್ಲಿ ಬೇರೆ ಹೆಂಗಸರು ಇರಲಿಲ್ಲವಾದ್ದರಿಂದ, ಅಪ್ಪಯ್ಯನೇ ಒಲೆ ಹಚ್ಚುತ್ತಿದ್ದರು. ಅವರು ಮಾಡಿದ ಸೌತೆಕಾಯಿ ಹುಳಿಯ ರುಚಿ ನನಗೆ ಇನ್ನೂ ನೆನಪಿದೆ. ನಾಲ್ಕನೆಯ ದಿನ ಮಾತ್ರ ಅವರು ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಹೆಂಗಸರನ್ನು ಹೊರಗೆ ಕೂರಿಸುವ ಆ ಪದ್ಧತಿ ಕಡಿಮೆಯಾಗಿದ್ದು ಒಳ್ಳೆಯದೇ ಆಯಿತು. ಆದರೆ ಮೂರು ದಿನ ಬರುತ್ತಿದ್ದ ಅಡುಗೆ ನಾಲ್ಕನೆಯ ದಿನ ಮರೆತುಹೋಗುತ್ತಿತ್ತಾ? ಬರುತ್ತಿತ್ತು. ಮಾಡಬೇಕಾಗಿರಲಿಲ್ಲ, ಅಷ್ಟೇ.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ‘ನನಗೆ ಆಗುತ್ತಿಲ್ಲ’ ಅಂತ ಬಾಯಿಬಿಟ್ಟು ಹೇಳಿ. ಸೊಸೆಯೊಬ್ಬಳನ್ನೇ ಕರೆದು ಹೇಳಬೇಡಿ, ಆಗ ಮತ್ತೆ ಅದು ಅತ್ತೆ ಸೊಸೆ ಜಗಳ ಅನ್ನಿಸಿಕೊಳ್ಳುತ್ತದೆ. ತೆಳ್ಳೇವಿನ (ತೆಳು ದೋಸೆಯ) ಹಿಟ್ಟನ್ನು ಹಿಂದಿನ ರಾತ್ರಿ ಸೊಸೆ ರುಬ್ಬಿಡಲಿ, ಬೆಳಿಗ್ಗೆ ಮಗ ಎರೆಯಲಿ. ಸಂಜೆ ಕೊಟ್ಟಿಗೆ ಯಜಮಾನರಿಗಿರಲಿ. ಮಗ ಎರೆದ ತೆಳ್ಳೇವು ದಪ್ಪಗಾಯಿತು ಅಂತ ನೀವು ಅವನ ಕೈಯಿಂದ ಸೌಟು ಕಿತ್ತುಕೊಳ್ಳಬೇಡಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬಹಳ ಮನೆಗಳಲ್ಲಿ ಈ ಪ್ರಯತ್ನ ಅಲ್ಲಿಗೇ ಮುಗಿಯುತ್ತದೆ. ಮೇಲುಗೆಲಸಕ್ಕೆ ಜನ ಇಟ್ಟುಕೊಳ್ಳುವುದಾದರೆ ಮಗ, ಸೊಸೆ ಸೇರಿ ಕೂಲಿ ಕೊಡಲಿ, ಬರುವ ಹೆಂಗಸಿಗೂ ಸರಿಯಾದ ಕೂಲಿ ಸಿಗಲಿ.

ಇನ್ನೊಂದಿದೆ, ನನ್ನ ಪ್ರಕಾರ ಇದೇ ದೊಡ್ಡದು. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸರಿಗೆ ಸುಲಿದಷ್ಟಕ್ಕೂ ಲೆಕ್ಕ ಹಾಕಿ ಕೂಲಿ ಕೊಡುತ್ತಾರೆ. ಅವರ ಪಕ್ಕದಲ್ಲೇ ಮೆಟ್ಟುಗತ್ತಿ ಮುಂದೆ ಕೂತ ಮನೆಯೊಡತಿಗೆ ಏನೂ ಇಲ್ಲ. ಅಡಿಕೆ ಸೊಸೈಟಿಗೆ ಹೋಗುತ್ತದೆ, ದುಡ್ಡು ಯಜಮಾನರ ಖಾತೆಗೆ ಬೀಳುತ್ತದೆ. ಸೊಸೆಗೆ ತಿಂಗಳ ಸಂಬಳ ಬರುತ್ತದೆ, ಅದಕ್ಕೇ ಅವಳು ಬಾಗಿಲು ಹಾಕಿಕೊಂಡರೆ ಯಾರೂ ತಟ್ಟುವುದಿಲ್ಲ. ನಿಮ್ಮನ್ನು ಯಾವ ಹೊತ್ತಿಗೆ ಬೇಕಾದರೂ ಕೂಗಬಹುದು. ಈ ಸಲ ಅಡಿಕೆ ಕೊಟ್ಟಾಗ ಒಂದು ಪಾಲು ನಿಮ್ಮ ಹೆಸರಿನ ಖಾತೆಗೆ ಬರಲಿ. ಕೇಳಲು ನಾಚಿಕೆ ಬೇಡ ಅಕ್ಕಾ, ನೀವು ದುಡಿದಿದ್ದೀರಿ.

ನೆಂಟರು ‘ತೋಟದ ಮಾಣಿಗೆ ಹೆಣ್ಣು ಸಿಕ್ಕಿದ್ದೇ ಪುಣ್ಯ, ಸುಮ್ನೆ ಇರು’ ಅಂತಾರೆ, ಅಲ್ವಾ? ಹೆಣ್ಣು ಸಿಗದೆ ನಲವತ್ತು ದಾಟಿದ ಹುಡುಗರು ನಮ್ಮ ಕಡೆ ಊರೂರಲ್ಲೂ ಇದ್ದಾರೆ. ಉತ್ತರ ಭಾರತದಿಂದ ಹೆಣ್ಣು ತಂದವರೂ ಇದ್ದಾರೆ. ಆದರೆ ನಮ್ಮ ಹುಡುಗಿಯರಿಗೆ ತೋಟದ ಮೇಲೆ ಸಿಟ್ಟಿಲ್ಲ. ಅವರು ತಮ್ಮ ಆಯಿ ಬೆಳಗಿನಿಂದ ರಾತ್ರಿವರೆಗೆ ನಿಂತೇ ಇದ್ದಿದ್ದನ್ನು ನೋಡಿ ಬೆಳೆದವರು. ನಿಮ್ಮ ಸೊಸೆಯೂ ಈಗ ನಿಮ್ಮನ್ನು ನೋಡುತ್ತಿದ್ದಾಳೆ. ನಿಮ್ಮ ದಿನ ಹಗುರಾದರೆ ಆ ಮನೆಯಲ್ಲೇ ವಯಸ್ಸಾಗಲು ಅವಳಿಗೂ ಧೈರ್ಯ ಬಂದೀತು.

ಪ್ರಶ್ನೆ: ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಅಮ್ಮ ನನ್ನ ಜೊತೆಗಿದ್ದಾರೆ. ಅಜ್ಜನ ಕಾಲದಿಂದ ಬಂದ ಗದ್ದೆ ಇನ್ನೂ ಪಾಲಾಗಿಲ್ಲ. ಹೆದ್ದಾರಿ ಅಗಲವಾದ ಮೇಲೆ ಅದಕ್ಕೆ ಒಳ್ಳೆಯ ಬೆಲೆ ಬಂದಿದೆ. ಮದುವೆಯಾಗಿ ಹೋದ ತಂಗಿ ಈಗ ಪಾಲು ಕೇಳುತ್ತಿದ್ದಾಳೆ. ಅವಳ ಮದುವೆಗೆ ಸಾಕಷ್ಟು ಖರ್ಚು ಮಾಡಿದ್ದೇವೆ. ಹೆಣ್ಣುಮಕ್ಕಳು ಹೀಗೆ ಶುರು ಮಾಡಿದರೆ ತವರು ಅನ್ನೋದು ಉಳಿಯುತ್ತದಾ?
– ಓದುಗ, ಅಂಕೋಲಾ

ತಮ್ಮಾ, ಮೊದಲು ಕಾನೂನು ಹೇಳಿಬಿಡುತ್ತೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿ ಇದ್ದರೆ ಬೇರೆ ಮಾತು. ನಿಮ್ಮಲ್ಲಿ ಪಾಲೇ ಆಗಿಲ್ಲ ಅಂತೀರಿ. ಮದುವೆ ಖರ್ಚನ್ನು ತೋರಿಸಿ ಹಕ್ಕು ತೀರಿತು ಅನ್ನಲು ಬರುವುದಿಲ್ಲ. ಅಪ್ಪನ ಪಾಲಿನಲ್ಲಿ ಅಮ್ಮನಿಗೂ ಭಾಗವಿದೆ. ಅವರನ್ನು ಕೇಳಿದಿರಾ?

ಚೌತಿಗೆ ಬಂದ ತಂಗಿಗೆ ಸೀರೆ ಕೊಟ್ಟು, ಆ ಗಡಿಬಿಡಿಯಲ್ಲೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕರಾವಳಿಯಲ್ಲಿ ಹೊಸದಲ್ಲ. ಎಷ್ಟೋ ಅಕ್ಕತಂಗಿಯರು ‘ತವರು ಬೇಕು’ ಅಂತ ಸುಮ್ಮನೆ ಸಹಿ ಹಾಕಿದ್ದಾರೆ. ಸಹಿ ಹಾಕಿದ ಮೇಲೆ ಮನಸ್ಸಲ್ಲೇ ನೊಂದುಕೊಂಡು ಹಬ್ಬಕ್ಕೆ ಬರುವುದನ್ನು ಕಡಿಮೆ ಮಾಡಿದವರು ನನಗೆ ಗೊತ್ತು. ನಿಮ್ಮ ತಂಗಿ ಎದುರಿಗೆ ಕೂತು ಕೇಳಿದ್ದಾಳೆ. ಎದುರಿಗೇ ಕೂತು ಮಾತಾಡಿ. ಗದ್ದೆ ತುಂಡು ಮಾಡಲು ಮನಸ್ಸಿಲ್ಲದಿದ್ದರೆ ಅವಳ ಪಾಲಿನ ಬೆಲೆಯನ್ನು ಕಂತಿನಲ್ಲಿ ಕೊಡುವ ಹಾಗೆ ಬರೆದುಕೊಳ್ಳಬಹುದು. ಇಬ್ಬರಿಗೂ ಒಪ್ಪಿಗೆಯಾಗದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಕೇಸಿಲ್ಲದೆ ರಾಜಿ ಮಾಡಿಸಲು ನೋಡುತ್ತಾರೆ. ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಅಲ್ಲಿ ಉಚಿತ ನೆರವಿದೆ. ಇದನ್ನು ನಿಮ್ಮ ತಂಗಿಗೆ ನೀವೇ ಹೇಳಿ, ಅವಳಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಪ್ರಶ್ನೆ: ನಮ್ಮ ಅಜ್ಜಿ ಮೀನು ಮಾರುತ್ತಾಳೆ. ಮನೆಯ ದುಡ್ಡೆಲ್ಲ ಅವಳ ಕೈಯಲ್ಲೇ. ಸ್ತ್ರೀವಾದ ಓದಿದವರ ವಿಷಯ ಅಂತ ಗೆಳತಿಯರು ಹೇಳುತ್ತಾರೆ. ಹೌದಾ?
– ಬಿ.ಎ. ವಿದ್ಯಾರ್ಥಿನಿ, ಕಾರವಾರ

ಅಲ್ಲ ಮಗಾ. ಅಂಕೋಲಾದ ಸುಕ್ರಿ ಬೊಮ್ಮಗೌಡ ತಮ್ಮ ಹಾಲಕ್ಕಿ ಸಮುದಾಯದ ಹಾಡುಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು. ಸಾರಾಯಿಯಿಂದ ಮನೆಗಳು ಹಾಳಾಗುವುದನ್ನು ಕಂಡು ಅದರ ವಿರುದ್ಧ ಹೋರಾಟಕ್ಕಿಳಿದವರು. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರೇನು ಪುಸ್ತಕ ಓದಿ ಹೊರಟವರಲ್ಲ. ನಿನ್ನ ಅಜ್ಜಿಯ ಕೈಯಲ್ಲಿರುವುದು ಬಿಸಿಲಲ್ಲಿ ಕೂತು, ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಗಳಿಸಿದ ದುಡ್ಡು. ಅದರ ಜೊತೆಗೆ ಇನ್ನೂ ಎರಡು ವಿಷಯ ಅಜ್ಜಿಯನ್ನು ಕೇಳು. ದೋಣಿ, ಬಲೆ, ಮನೆ ಯಾರ ಹೆಸರಿನಲ್ಲಿವೆ? ಪೇಟೆಯಿಂದ ಬಂದ ಮೇಲೆ ಅನ್ನಕ್ಕೆ ಇಡುವವರು ಯಾರು? ಅವಳು ಏನು ಹೇಳುತ್ತಾಳೋ ಅವಳ ಮಾತಲ್ಲೇ ಬರೆದು ಕಳಿಸು. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.