ಮಾತಿನ ನಡುವೆ "ಅದೂ..." ಎಂದು ತಡವರಿಸುವುದು ಸುಳ್ಳಿನ ಲಕ್ಷಣವೇ?

ಅಲ್ಲ. ಹಾಗೆ ತೀರ್ಮಾನಿಸಿ ಎಷ್ಟೋ ಜನ ಎದುರಿನವರಿಗೆ ಅನ್ಯಾಯ ಮಾಡುತ್ತಾರೆ.

ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಅಂತರ ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. 2009ರಲ್ಲಿ ಪ್ರಕಟವಾದ, 10 ಭಾಷೆಗಳ ಅಧ್ಯಯನದಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇದೇ. ಆದರೆ ಒಂದು ಪದವನ್ನು ಮನಸ್ಸಿನಲ್ಲಿ ಹುಡುಕಿ ನಾಲಿಗೆಗೆ ತರಲು ಅದರ ಸುಮಾರು ಮೂರು ಪಟ್ಟು ಸಮಯ ಬೇಕು. ಅಂದರೆ ಎದುರಿನವರು ಮಾತಾಡುತ್ತಿರುವಾಗಲೇ ನಾವು ಉತ್ತರ ಕಟ್ಟಲು ಶುರುಮಾಡಿರುತ್ತೇವೆ. ಲಯ ಇಷ್ಟು ಬಿಗಿಯಾಗಿರುವುದರಿಂದಲೇ ಒಂದು ಸೆಕೆಂಡ್ ತಡವಾದರೂ ಕಿವಿಗೆ ತಟ್ಟುತ್ತದೆ.

"ಭಾನುವಾರ ಗೃಹಪ್ರವೇಶಕ್ಕೆ ಬರ್ತೀರಲ್ವಾ?" ಎಂದರೆ "ಓ, ಖಂಡಿತ" ಥಟ್ಟನೆ ಬರುತ್ತದೆ. ಬರಲಾಗದವರು ಮಾತ್ರ "ಅದೂ... ಏನಂದ್ರೆ..." ಎಂದು ಎಳೆಯುತ್ತಾರೆ. ಅಲ್ಲಿ ನನಗೆ ಕಾಣುವುದು ಕಪಟವಲ್ಲ, ನಿಮ್ಮ ಮನಸ್ಸು ನೋಯಬಾರದೆಂಬ ಕಾಳಜಿ. ಸಾಲ ಕೇಳಬೇಕಾದವರೂ ಹೀಗೇ. ಊಟ ಆಯ್ತಾ, ಮಳೆ ಬಂತಾ ಎಂದು ಸುತ್ತಿ ಬಳಸಿ, ಫೋನ್ ಇಡುವ ಹೊತ್ತಿಗೆ "ಮತ್ತೇನಿಲ್ಲ..." ಎಂದು ನಿಲ್ಲುತ್ತಾರೆ. ಹೇಳಬೇಕಾದ್ದೆಲ್ಲ ಆ "ಮತ್ತೇನಿಲ್ಲ"ದ ಹಿಂದೆಯೇ ಇರುತ್ತದೆ.

ಅಪರೂಪದ ಹೆಸರು ನೆನಪಿಸಿಕೊಳ್ಳುವಾಗ, ದಣಿದಾಗ, ರೂಢಿಯಿಲ್ಲದ ಭಾಷೆಯಲ್ಲಿ ಮಾತಾಡುವಾಗಲೂ ಯಾರಾದರೂ ತಡವರಿಸುತ್ತಾರೆ. ಆಗ ಅವರ ವಾಕ್ಯವನ್ನು ನೀವು ಮುಗಿಸಿಕೊಡಬೇಡಿ, ಎರಡು ಕ್ಷಣ ಕಾಯಿರಿ.