150 ಎಂಬಿಬಿಎಸ್ ವಿದ್ಯಾರ್ಥಿಗಳು, ಎರಡು ಮನಿಕಿನ್ (ತರಬೇತಿ ಗೊಂಬೆ), ಅರ್ಧ ದಿನ: ಬಿಎಲ್‌ಎಸ್ (ಹೃದಯ ನಿಂತವರಿಗೆ ಮಾಡುವ ಮೊದಲ ಜೀವರಕ್ಷಣೆ) ಕಲಿಸಲು ಒಳ್ಳೆಯ ಸ್ಲೈಡ್‌ಗಳು ಎಲ್ಲಿ ಸಿಗುತ್ತವೆ?

ಸ್ಲೈಡ್ ಹುಡುಕಬೇಡಿ. ನಾನು ಹುಡುಕಿದ್ದೆ. 2019ರಲ್ಲಿ ಹೊಸ ಪಠ್ಯಕ್ರಮದ ಜೊತೆ ಮೊದಲ ವರ್ಷಕ್ಕೆ ಫೌಂಡೇಶನ್ ಕೋರ್ಸ್ ಬಂತಲ್ಲ, ಆಗ ನಮ್ಮ ಅರಿವಳಿಕೆ ವಿಭಾಗದಲ್ಲಿ ಬಿಎಲ್‌ಎಸ್ ಕಲಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು, 5 ಸೆಂ.ಮೀ. ಆಳ, 6 ದಾಟಬಾರದು, 30 ಸಲ ಒತ್ತಿ 2 ಉಸಿರು, ಎಲ್ಲ ಹೇಳಿಕೊಟ್ಟೆ. ಪ್ರಶ್ನೆ ಕೇಳಿದರೆ ಪಟಪಟ ಉತ್ತರ ಬರುತ್ತಿತ್ತು. ಎಲ್ಲರನ್ನೂ ಪಾಸ್ ಮಾಡಿದೆ.

ಅದೇ ಬ್ಯಾಚ್‌ನ ಹುಡುಗಿ ಇಂಟರ್ನ್ ಆಗಿದ್ದಾಗ ಒಂದು ರಾತ್ರಿ ವಾರ್ಡ್‌ನಲ್ಲಿ ರೋಗಿಯೊಬ್ಬರು ಕುಸಿದರು. ನಾನು ಓಡಿ ಬಂದಾಗ ಅವಳು ಆಕ್ಸಿಜನ್ ಮಾಸ್ಕ್ ಹಿಡಿದು ನಿಂತಿದ್ದಳು. "ಮೇಡಂ, ಉಸಿರಾಡ್ತಿದ್ದಾರೆ" ಅಂದಳು. ಅದು ಉಸಿರಾಟ ಆಗಿರಲಿಲ್ಲ, ಗ್ಯಾಸ್ಪಿಂಗ್. ನಾಡಿ ಇರಲಿಲ್ಲ. ಆ ರೋಗಿ ಉಳಿಯಲಿಲ್ಲ.

ಅವಳನ್ನು ಎಲ್ಲರೂ ಬೈದರು. ತಪ್ಪು ನನ್ನದು. ಹೃದಯ ನಿಂತ ಮೇಲೂ ಕೆಲವರಲ್ಲಿ ಮೊದಲ ಕೆಲವು ನಿಮಿಷ ಬಾಯಿ ತೆರೆದು ನೀರಿನಿಂದ ತೆಗೆದ ಮೀನಿನ ಹಾಗೆ ಎಳೆಯುವ ಉಸಿರು ಇರುತ್ತದೆ, ನಡುವೆ ಉದ್ದ ಗ್ಯಾಪ್, ಒಮ್ಮೊಮ್ಮೆ ಗೊರಕೆಯ ಸದ್ದು. ಇದು ನನ್ನ ಸ್ಲೈಡಿನಲ್ಲಿ ಇತ್ತು, ಒಂದೇ ಸಾಲು. ಆದರೆ ಮನಿಕಿನ್ ಗ್ಯಾಸ್ಪ್ ಮಾಡುವುದಿಲ್ಲ ನೋಡಿ. ಸುಮ್ನೆ ಮಲಗಿರುತ್ತದೆ. ಜೊತೆಗೆ ನಾನೇ "ಈ ರೋಗಿಗೆ ಹೃದಯ ನಿಂತಿದೆ, ಶುರು ಮಾಡಿ" ಅನ್ನುತ್ತಿದ್ದೆ. ಅಂದರೆ ಇಡೀ ಕೆಲಸದಲ್ಲಿ ಕಷ್ಟದ ಭಾಗ ಯಾವುದೋ ಅದನ್ನು ನಾನೇ ಮಾಡಿ ಕೊಟ್ಟು, ಉಳಿದದ್ದನ್ನು ಮಾತ್ರ ಅವರ ಕೈಲಿ ಮಾಡಿಸಿದೆ. ಅಲ್ಲಾಡದೆ ಬಿದ್ದಿರುವವರಿಗೆ ಮಾತ್ರ ಒತ್ತಬೇಕು ಅಂತ ಆ ಮಕ್ಕಳಿಗೆ ಕಲಿಸಿದ್ದು ನಾನೇ. ಎದೆ ಒತ್ತಲು ಅವಳಿಗೆ ಬರುತ್ತಿತ್ತು. ಯಾವಾಗ ಒತ್ತಬೇಕು ಅಂತ ಗೊತ್ತಿರಲಿಲ್ಲ.

ಈಗ ನಾನು ನೆಲದ ಮೇಲೆ ಮಲಗಿ ಗ್ಯಾಸ್ಪ್ ಮಾಡಿ ತೋರಿಸುತ್ತೇನೆ. ನೀವೂ ಮಾಡಿ, ನಾಚಿಕೆ ಬೇಡ. ಆಮೇಲೆ ಹುಡುಗರನ್ನು ಚಿಕ್ಕ ಗುಂಪು ಮಾಡಿ. ಒಬ್ಬ ಮಲಗಲಿ: ಒಮ್ಮೆ ನಿದ್ದೆ ಮಾಡಿದವನ ಹಾಗೆ, ಒಮ್ಮೆ ತಲೆಸುತ್ತಿ ಬಿದ್ದವನ ಹಾಗೆ, ಒಮ್ಮೆ ಗ್ಯಾಸ್ಪ್ ಮಾಡುತ್ತಾ. ಎದುರಿಗಿರುವವರು ಭುಜ ತಟ್ಟಿ ಕರೆದು, ಉಸಿರು ಮತ್ತು ನಾಡಿ ಒಟ್ಟಿಗೆ ನೋಡಿ, 10 ಸೆಕೆಂಡಿನೊಳಗೆ ನಿರ್ಧಾರ ಹೇಳಬೇಕು. ನಾಡಿ ಇದೆಯೋ ಇಲ್ಲವೋ ಅನುಮಾನ ಬಂದರೆ ಶುರು ಮಾಡಬೇಕು. ಇಲ್ಲಿ ಬಾಯಲ್ಲಿ ಹೇಳಿದರೆ ಸಾಕು, ಬದುಕಿರುವವರ ಎದೆ ಮೇಲೆ ಒತ್ತಲು ಬಿಡಬೇಡಿ. ಇದಕ್ಕೆ ಮನಿಕಿನ್ ಬೇಕಾಗಿಲ್ಲ, ಎಲ್ಲ ಗುಂಪುಗಳೂ ಒಂದೇ ಹೊತ್ತಿಗೆ ಮಾಡಬಹುದು.

ಅಷ್ಟರಲ್ಲಿ ಎರಡು ಮನಿಕಿನ್ ಹತ್ತಿರ ಇಬ್ಬಿಬ್ಬರನ್ನು ಕರೆದು ಪೂರ್ತಿ 2 ನಿಮಿಷ ಒತ್ತಿಸಿ. ಲೆಕ್ಕ ಹಾಕಿ, 150 ಜನಕ್ಕೆ ಎರಡೂವರೆ ಗಂಟೆ, ಬದಲಾಗುವ ಸಮಯ ಬೇರೆ. ಅರ್ಧ ದಿನದಲ್ಲಿ ಆಗುತ್ತದೆ, ಸ್ಲೈಡ್‌ಗೆ ಜಾಗ ಇರುವುದಿಲ್ಲ ಅಷ್ಟೇ. ಮೊಣಕೈ ನೇರ ಇರಲಿ, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲಿ. ಎರಡನೇ ನಿಮಿಷದಲ್ಲಿ ಆಳ ಕಡಿಮೆಯಾಗುವುದನ್ನು ಅವರ ಕೈಗಳೇ ಹೇಳುತ್ತವೆ, 2 ನಿಮಿಷಕ್ಕೊಮ್ಮೆ ಆಳು ಬದಲಿಸಿ ಅನ್ನುವುದು ಯಾಕೆ ಅಂತ ಆಗ ಅರ್ಥವಾಗುತ್ತದೆ.

ಮೊದಲ ವರ್ಷದವರಿಗೆ ಬ್ಯಾಗ್-ಮಾಸ್ಕ್ (ಚೀಲ ಒತ್ತಿ ಮಾಸ್ಕ್ ಮೂಲಕ ಉಸಿರು ಕೊಡುವ ಸಾಧನ) ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಅರಿವಳಿಕೆ ತಜ್ಞರ ಸಂಘದವರು ಜನಸಾಮಾನ್ಯರಿಗೆ ಎದೆ ಒತ್ತುವುದನ್ನಷ್ಟೇ ಕಲಿಸುವ 'ಕೋಲ್ಸ್' ಇದೆಯಲ್ಲ, ಸದ್ಯಕ್ಕೆ ಅಷ್ಟು ಸಾಕು.

ಇನ್ನೊಂದು ಮಾತು. ಒಂದೇ ಸಲ ಅರ್ಧ ದಿನ ಕಲಿಸಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಕೈಗೆ ಬಂದದ್ದು ಕೆಲವೇ ತಿಂಗಳಲ್ಲಿ ಮರೆತು ಹೋಗುತ್ತದೆ. ಮೂರನೇ ವರ್ಷದ ಪೋಸ್ಟಿಂಗ್‌ನಲ್ಲಿ ಇಪ್ಪತ್ತು ನಿಮಿಷ, ಇಂಟರ್ನ್‌ಶಿಪ್ ಶುರುವಾಗುವ ವಾರ ಮತ್ತೊಮ್ಮೆ, ಇಷ್ಟನ್ನು ನಿಮ್ಮ ಎಚ್‌ಒಡಿ ಹತ್ತಿರ ಈಗಲೇ ಬರವಣಿಗೆಯಲ್ಲಿ ಕೇಳಿ. ಆ ವಾರ ಅವರನ್ನು ವಾರ್ಡ್‌ಗೇ ಕರೆದುಕೊಂಡು ಹೋಗಿ, ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಎಲ್ಲಿದೆ, ಹೇಗೆ ಆನ್ ಮಾಡುವುದು ಅಂತ ಒಬ್ಬೊಬ್ಬರ ಕೈಲೂ ಮಾಡಿಸಿ.